ಘಾಟ್ ಹತ್ತುವಾಗ ಪಿಕಪ್ ಬಿಸಿಯಾಗುತ್ತಿದೆ, ಯಾವ ಸಾಮಾನು ಬದಲಿಸಲಿ?

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನವನು. ನನ್ನದು 2019ರ ಬೊಲೆರೊ ಪಿಕಪ್. ವಾರಕ್ಕೆ ಎರಡು ಸಲ ಟೊಮೆಟೊ ಹೇರಿಕೊಂಡು ಮಂಗಳೂರಿಗೆ ಹೋಗುತ್ತೇನೆ. ಬರುವಾಗ ಬೆಂಗಳೂರಿಗೆ ಮೀನು ತರುತ್ತೇನೆ, ಐಸ್ ಸೇರಿ ಎರಡು ಟನ್ ಹತ್ತಿರ ಆಗುತ್ತೆ. ಆರು ತಿಂಗಳಿಂದ ಶಿರಾಡಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಗುತ್ತಿದೆ. ಸಕಲೇಶಪುರ ದಾಟಿದರೆ ತಾನೇ ಇಳಿಯುತ್ತೆ. ಬೆಂಗಳೂರು ಟ್ರಾಫಿಕ್ಕಿನಲ್ಲಿ ತೊಂದರೆ ಇಲ್ಲ. ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಬದಲಿಸಿ ಅಂದರು. ಇನ್ನೊಬ್ಬರು ಥರ್ಮೋಸ್ಟಾಟ್ ವಾಲ್ವ್ ತೆಗೆದು ಎಸೆಯಿರಿ ಅಂದರು. ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್ ಕಡಿಮೆಯಾಗುತ್ತೆ, ಮನೆಯ ಬೋರ್‌ವೆಲ್ ನೀರೇ ಹಾಕುತ್ತಾ ಬಂದಿದ್ದೇನೆ. ಕಂಪನಿ ರೇಡಿಯೇಟರೇ ಬೇಕಾ? ಅಲ್ಯೂಮಿನಿಯಂ ಒಳ್ಳೆಯದಾ, ಹಿತ್ತಾಳೆಯದಾ? ಜೊತೆಗೆ ಇನ್ನೇನೇನು ಬದಲಿಸಬೇಕು?

ಉತ್ತರ: ರೇಡಿಯೇಟರ್ ಕೊಳ್ಳುವುದನ್ನು ಒಂದು ವಾರ ಮುಂದಕ್ಕೆ ಹಾಕಿ. ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಥರ್ಮೋಸ್ಟಾಟ್, ಅದನ್ನು ಮಾತ್ರ ಯಾವ ಕಾರಣಕ್ಕೂ ತೆಗೆದು ಎಸೆಯಬೇಡಿ. ಈ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಳೆಯೇ ಗ್ಯಾರೇಜಿಗೆ ಹೋಗುವ ಅವಸರ ನಿಮ್ಮ ಪತ್ರದಲ್ಲಿ ಕಾಣುತ್ತಿದೆ.

ನನ್ನ ಗ್ಯಾರೇಜ್ ಇರುವುದು ಹಾಸನದಲ್ಲಿ. ಶಿರಾಡಿಯಲ್ಲಿ ಬಿಸಿಯಾದ ಗಾಡಿಗಳು ಸಕಲೇಶಪುರ ದಾಟಿ ನಮ್ಮ ಕಡೆಗೇ ಬರುತ್ತವೆ. ಎಷ್ಟೋ ಗಾಡಿಗಳಲ್ಲಿ ಆಗಲೇ ಹೊಸ ರೇಡಿಯೇಟರ್ ಕೂತಿರುತ್ತದೆ, ಆದರೂ ಬಿಸಿ ನಿಂತಿರುವುದಿಲ್ಲ. ಒಬ್ಬರು ಒಂದೇ ವರ್ಷದಲ್ಲಿ ಮೂರು ರೇಡಿಯೇಟರ್ ಹಾಕಿಸಿದ್ದರು. ನಾವು ಬಾನೆಟ್ ಎತ್ತಿ ನೋಡಿದರೆ ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರೇ ಇರಲಿಲ್ಲ. ಯಾವಾಗಲೋ ಗಾಡಿ ಮುಂದೆ ಗುದ್ದಿದಾಗ ಮುರಿದದ್ದನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು, ಮತ್ತೆ ಹಾಕಲೇ ಇಲ್ಲ. ಗಾಡಿಯ ಕಂತು ಕಟ್ಟುತ್ತಿದ್ದ ಮನುಷ್ಯ ಅವರು. ಮೂರು ರೇಡಿಯೇಟರಿನ ದುಡ್ಡು ಅವರಿಗೆ ಸಣ್ಣದಲ್ಲ. ಅದನ್ನು ನೆನೆದೇ ನಿಮಗೆ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲೇ ಮೂರು ಸುಳಿವು ಇವೆ. ಘಾಟಿನಲ್ಲಿ ಮಾತ್ರ ಬಿಸಿಯಾಗುತ್ತಿದೆ. ನೀರು ಕಡಿಮೆಯಾಗುತ್ತಿದೆ. ಹಾಕುತ್ತಿರುವುದು ಕೋಲಾರದ ಬೋರ್ ನೀರು. ಈ ಮೂರನ್ನೂ ಒಂದೊಂದಾಗಿ ಬಿಡಿಸಿದರೆ ಯಾವ ಸಾಮಾನು ಬೇಕು ಅಂತ ತಾನೇ ಗೊತ್ತಾಗುತ್ತದೆ.

ಮೊದಲು ಘಾಟಿನ ವಿಷಯ. ಡೀಸೆಲ್ ಉರಿದು ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುತ್ತದೆ. ಅಷ್ಟೇ ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ರೇಡಿಯೇಟರ್ ಹೊರಹಾಕಬೇಕು. ಘಾಟಿನ ಬುಡದ ಗುಂಡ್ಯ ಇರುವುದು ತಗ್ಗಿನಲ್ಲಿ, ಸಕಲೇಶಪುರ 900 ಮೀಟರಿಗಿಂತ ಎತ್ತರದಲ್ಲಿ. ಎರಡು ಟನ್ ಹೇರಿಕೊಂಡು ಎರಡನೇ ಗೇರಿನಲ್ಲಿ ಹತ್ತುವಾಗ ಎಂಜಿನ್ ಪೂರ್ತಿ ಡೀಸೆಲ್ ಕುಡಿಯುತ್ತಿರುತ್ತದೆ. ಆದರೆ ಗಾಡಿಯ ವೇಗ 20 ಕಿಲೋಮೀಟರ್ ದಾಟುವುದಿಲ್ಲ. ಹೈವೇಯಲ್ಲಿ ಮುಂದಿನಿಂದ ನುಗ್ಗುವ ಗಾಳಿ ಇಲ್ಲಿ ಸಿಗುವುದಿಲ್ಲ. ಎಲ್ಲ ಭಾರ ಫ್ಯಾನ್ ಮೇಲೆ ಬೀಳುತ್ತದೆ.

ಸಾಮಾನ್ಯವಾಗಿ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಹೈವೇಯಲ್ಲಿ ತಣ್ಣಗಾದರೆ ಫ್ಯಾನ್ ಕಡೆ ನೋಡುತ್ತೇವೆ. ಹೈವೇಯಲ್ಲಿ ಬಿಸಿಯಾಗಿ ನಿಂತಾಗ ಇಳಿದರೆ ರೇಡಿಯೇಟರ್, ಪಂಪ್ ಕಡೆ ನೋಡುತ್ತೇವೆ. ಘಾಟ್ ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡುತ್ತದೆ. ನಿಮ್ಮ ಗಾಡಿ ಬಯಲಿನಲ್ಲಿ ಸರಿಯಾಗಿದೆ, ಘಾಟಿನಲ್ಲಿ ಮಾತ್ರ ಸೋಲುತ್ತಿದೆ. ಅಂದರೆ ಯಾವುದೋ ಒಂದು ಭಾಗ ಪೂರ್ತಿ ಕೆಟ್ಟಿಲ್ಲ. ಒಂದೆರಡು ಭಾಗಗಳು ಅರ್ಧಂಬರ್ಧ ದಣಿದಿವೆ.

ಈಗ ನೀರು ಎಲ್ಲಿಗೆ ಹೋಗುತ್ತಿದೆ ಅನ್ನುವ ಪ್ರಶ್ನೆ. ಮುಚ್ಚಿದ ವ್ಯವಸ್ಥೆಯಲ್ಲಿ ಹದಿನೈದು ದಿನಕ್ಕೆ ಅರ್ಧ ಲೀಟರ್ ಕಡಿಮೆಯಾಗುವುದು ಸಹಜವಲ್ಲ. ಒಂದೋ ಹೊರಗೆ ಸೋರುತ್ತಿದೆ, ಇಲ್ಲವೇ ಮುಚ್ಚಳದಿಂದ ಆವಿಯಾಗಿ ಹೋಗುತ್ತಿದೆ, ಇಲ್ಲವೇ ಎಂಜಿನ್ ಒಳಗೆ ಸುಡುತ್ತಿದೆ. ಮೂರನೆಯದು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಒಂದು ರೂಪಾಯಿ ಸಾಮಾನೂ ಕೊಳ್ಳಬೇಡಿ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಹೋಗಿದ್ದರೆ ಎಂಥ ರೇಡಿಯೇಟರ್ ಹಾಕಿದರೂ ಪ್ರಯೋಜನವಿಲ್ಲ.

ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಒಂದೆರಡು ನಿಮಿಷದಲ್ಲಿ ಮೇಲಿನ ಹೋಸ್ ಹಿಚುಕಿ ನೋಡಿ. ನೀರು ಬಿಸಿಯಾಗುವ ಮುಂಚೆಯೇ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಉರಿದ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಬಿಡದೆ ಗುಳ್ಳೆ ಏಳುವುದೂ ಅದೇ ಸುಳಿವು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಇದೆಯಾ, ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಾ, ಅದರಲ್ಲಿ ಸಿಹಿ ವಾಸನೆ ಇದೆಯಾ ನೋಡಿ. ಅನುಮಾನ ಬಂದರೆ ಬ್ಲಾಕ್ ಟೆಸ್ಟ್ ಮಾಡುವ ಗ್ಯಾರೇಜ್ ಹುಡುಕಿ. ರೇಡಿಯೇಟರ್ ಬಾಯಿಗೆ ಒಂದು ನಳಿಕೆ ಇಟ್ಟು ಅಲ್ಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಉರಿದ ಗ್ಯಾಸ್ ಇದ್ದರೆ ದ್ರವದ ಬಣ್ಣ ಬದಲಾಗುತ್ತದೆ. ಇ.ಜಿ.ಆರ್. ಕೂಲರ್ (ಎಂಜಿನ್ನಿಗೆ ವಾಪಸ್ ಬಿಡುವ ಹೊಗೆಯನ್ನು ತಂಪು ಮಾಡುವ ಭಾಗ) ಇರುವ ಎಂಜಿನ್ ಆದರೆ ಅದರ ಒಳಸೋರಿಕೆಯನ್ನೂ ಕೇಳಿ. ನೀರು ಹೊರಗೆಲ್ಲೂ ಕಾಣದೆ ಮಾಯವಾಗುವ ಇನ್ನೊಂದು ದಾರಿ ಅದು.

ಒಂದು ಎಚ್ಚರಿಕೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬೇಡಿ. ಒಳಗೆ ನೀರು ನೂರು ಡಿಗ್ರಿ ದಾಟಿರುತ್ತದೆ, ಒತ್ತಡ ಇರುವುದರಿಂದ ಮಾತ್ರ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಆವಿಯಾಗಿ ಮುಖಕ್ಕೆ ಹಾರುತ್ತದೆ. ಘಾಟಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಬಟ್ಟೆ ಸುತ್ತಿ ತಿರುಗಿಸಿ, ಮುಖ ಸುಟ್ಟುಕೊಂಡ ಡ್ರೈವರ್‌ಗಳನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ.

ಹೆಡ್ ಗ್ಯಾಸ್ಕೆಟ್ ಚೆನ್ನಾಗಿದೆ ಅಂದುಕೊಳ್ಳೋಣ. ಮೊದಲು ಬದಲಿಸಬೇಕಾದದ್ದು ಮುಚ್ಚಳ. ನಗಬೇಡಿ, ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಬೆಲೆಯ, ಅತಿ ಹೆಚ್ಚು ಕಡೆಗಣಿಸುವ ಸಾಮಾನು ಅದು. ರೇಡಿಯೇಟರ್ ಮೇಲಿರಲಿ, ಬಾಟಲಿ ಮೇಲಿರಲಿ, ಮುಚ್ಚಳದಲ್ಲಿ ಸ್ಪ್ರಿಂಗ್ ಇರುವ ಒತ್ತಡದ ವಾಲ್ವ್ ಇರುತ್ತದೆ. ಪಿಎಸ್‌ಐ, ಬಾರ್ ಎರಡೂ ಒತ್ತಡದ ಅಳತೆಗಳು. ಒತ್ತಡ ಒಂದು ಪಿಎಸ್‌ಐ ಏರಿದರೆ ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. ಅರ್ಧ ಕೂಲಂಟ್ (ನೀರಿಗೆ ಬೆರೆಸುವ, ತುಕ್ಕು ತಡೆಯುವ ದ್ರವ), ಅರ್ಧ ನೀರು ಹಾಕಿ, ಒಂದು ಬಾರ್ ಹಿಡಿಯುವ ಒಳ್ಳೆಯ ಮುಚ್ಚಳ ಹಾಕಿದರೆ ಸುಮಾರು 125 ಡಿಗ್ರಿವರೆಗೂ ಕುದಿಯುವುದಿಲ್ಲ. ಬರೀ ನೀರು, ಸೋತ ಮುಚ್ಚಳ ಇದ್ದರೆ? ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಮಟ್ಟ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಸಕಲೇಶಪುರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ನಿಮ್ಮ ಥರ್ಮೋಸ್ಟಾಟ್ ಪೂರ್ತಿ ತೆರೆಯುವುದೇ 95 ಡಿಗ್ರಿ ಆಸುಪಾಸಿನಲ್ಲಿ. ಇನ್ನೇನು ಉಳಿಯಿತು ಹೇಳಿ?

ಹಳೇ ಮುಚ್ಚಳದ ಮೇಲೆ 0.9, 1.1 ಅಂತಲೋ, 13, 16 ಅಂತಲೋ ಅಂಕಿ ಇರುತ್ತದೆ. ಮೊದಲಿನದು ಬಾರ್, ಎರಡನೆಯದು ಪಿಎಸ್‌ಐ. ಅದೇ ಅಂಕಿಯದನ್ನು ತನ್ನಿ. ಜಾಸ್ತಿ ಒತ್ತಡದ್ದು ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಆ ಒತ್ತಡ ಹಳೇ ಹೋಸು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚು, ಹೀಟರ್ ಇವುಗಳ ಮೇಲೆ ಬೀಳುತ್ತದೆ, ಅವೇ ಮೊದಲು ಬಿರಿಯುತ್ತವೆ. ಮುಚ್ಚಳದ ಕತ್ತಿನ ಆಳವೂ ಹಳೆಯದಕ್ಕೆ ಸರಿಹೋಗಬೇಕು. ಕತ್ತು ಕಡಿಮೆಯಾದರೆ ರಬ್ಬರ್ ಕೂರುವುದೇ ಇಲ್ಲ, ಮೇಲಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ರಾತ್ರಿ ನಿಲ್ಲಿಸಿದ ಗಾಡಿಯ ಮೇಲಿನ ಹೋಸ್ ಬೆಳಗ್ಗೆ ಚಪ್ಪಟೆಯಾಗಿ ಒಳಗೆ ಹೋಗಿದ್ದರೆ ಆಗಲೂ ಮೊದಲ ಅನುಮಾನ ಮುಚ್ಚಳದ ಮೇಲೆ. ತಣ್ಣಗಾದಾಗ ಗಾಳಿ ಅಥವಾ ಬಾಟಲಿಯ ನೀರು ಒಳಗೆ ಬಿಡುವ ಅದರ ಚಿಕ್ಕ ವಾಲ್ವ್ ಕಚ್ಚಿಕೊಂಡಿದೆ ಅಂತ.

ಈಗ ಥರ್ಮೋಸ್ಟಾಟ್. ಇದನ್ನು ತೆಗೆಯಿರಿ ಅನ್ನುವವರು ಕೆಟ್ಟ ಉದ್ದೇಶದಿಂದ ಹೇಳುವುದಿಲ್ಲ. ಹಳೇ ಕಾಲದ ಕೆಲವು ಎಂಜಿನ್‌ಗಳಲ್ಲಿ ತೆಗೆದರೆ ಮುಳ್ಳು ಇಳಿಯುತ್ತಿತ್ತು, ಆ ಅಭ್ಯಾಸ ಉಳಿದಿದೆ. ಆದರೆ ತುಂಬಾ ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಅಂತ ಒಂದು ಇರುತ್ತದೆ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಈ ಅಡ್ಡದಾರಿಯಲ್ಲಿ ಒಳಗೇ ಸುತ್ತುತ್ತದೆ. ಬಿಸಿಯಾದಾಗ ಥರ್ಮೋಸ್ಟಾಟ್ ರೇಡಿಯೇಟರಿನ ಬಾಗಿಲು ತೆರೆಯುತ್ತದೆ, ಜೊತೆಗೆ ತನ್ನ ಇನ್ನೊಂದು ತುದಿಯಿಂದ ಆ ಅಡ್ಡದಾರಿ ಮುಚ್ಚುತ್ತದೆ. ಅದನ್ನು ತೆಗೆದರೆ ಅಡ್ಡದಾರಿ ಯಾವಾಗಲೂ ತೆರೆದೇ ಇರುತ್ತದೆ. ನೀರಿಗೆ ಸುಲಭದ ದಾರಿ ಅದೇ. ಹಾಗಾಗಿ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಬಯಲಿನಲ್ಲಿ ಗಾಡಿ ಅತಿ ತಣ್ಣಗೆ, ಘಾಟಿನಲ್ಲಿ ಮೊದಲಿಗಿಂತ ಜಾಸ್ತಿ ಬಿಸಿ. ಬಯಲಿನ ತಣ್ಣಗೂ ಒಳ್ಳೆಯದಲ್ಲ. ತಣ್ಣಗಿನ ಡೀಸೆಲ್ ಎಂಜಿನ್ ಜಾಸ್ತಿ ಡೀಸೆಲ್ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ.

ನಿಮ್ಮ ಥರ್ಮೋಸ್ಟಾಟ್ ಚೆನ್ನಾಗಿದೆಯಾ ಅಂತ ಮನೆಯಲ್ಲೇ ನೋಡಬಹುದು. ಅಡುಗೆಗೆ ಬಳಸದ ಹಳೇ ಪಾತ್ರೆ ತೆಗೆದುಕೊಳ್ಳಿ. ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ನೀರಿನಲ್ಲಿ ಇಳಿಬಿಡಿ, ಜೊತೆಗೆ ಒಂದು ಥರ್ಮಾಮೀಟರ್. ನಿಧಾನಕ್ಕೆ ಕಾಯಿಸಿ. ಅದರ ಮೇಲೆ ಅಚ್ಚಾಗಿರುವ ಅಂಕಿ, ಸಾಮಾನ್ಯವಾಗಿ 82 ಇರುತ್ತದೆ, ಆ ಡಿಗ್ರಿಗೆ ತೆರೆಯಲು ಶುರು ಮಾಡಬೇಕು. ಅಲ್ಲಿಂದ ಹತ್ತು ಹನ್ನೆರಡು ಡಿಗ್ರಿ ಮೇಲೆ ಪೂರ್ತಿ ತೆರೆಯಬೇಕು. ಪೂರ್ತಿ ಅಂದರೆ ಸುಮಾರು 8 ಮಿಲಿಮೀಟರ್. ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್ ಬಯಲಿನಲ್ಲಿ ಏನೂ ತೋರಿಸುವುದಿಲ್ಲ, ಘಾಟಿನಲ್ಲಿ ಮಾತ್ರ ಕೈಕೊಡುತ್ತದೆ. ನಿಮ್ಮ ಲಕ್ಷಣಕ್ಕೆ ಇದೂ ಹೊಂದುತ್ತದೆ ನೋಡಿ. ಹೊಸದು ತರುವಾಗ ಅದೇ ಅಂಕಿಯದು ತನ್ನಿ. 71 ಡಿಗ್ರಿಯದು ಹಾಕಿದರೆ ತಣ್ಣಗಿರುತ್ತೆ ಅನ್ನುವ ಮಾತಿಗೆ ಮರುಳಾಗಬೇಡಿ. ಥರ್ಮೋಸ್ಟಾಟ್ ಬಾಗಿಲು ಯಾವಾಗ ತೆರೆಯಬೇಕು ಅಂತ ಮಾತ್ರ ಹೇಳುತ್ತದೆ. ಪೂರ್ತಿ ತೆರೆದ ಮೇಲೂ ಬಿಸಿಯಾಗುತ್ತಿದ್ದರೆ 71 ಆದರೇನು, 82 ಆದರೇನು. ಕೂರಿಸುವಾಗ ಅದರ ಅಂಚಿನಲ್ಲಿ ಅಲ್ಲಾಡುವ ಚಿಕ್ಕ ಪಿನ್ ಇದ್ದರೆ ಅದು ಮೇಲಕ್ಕೆ ಬರಲಿ. ಗಾಳಿ ಹೊರಹೋಗುವುದು ಅಲ್ಲಿಂದ. ಹೊಸದನ್ನೂ ಹಾಕುವ ಮುಂಚೆ ಪಾತ್ರೆಯಲ್ಲಿ ಪರೀಕ್ಷೆ ಮಾಡಿಯೇ ಹಾಕಿ. ನಾವು ಹಾಗೇ ಮಾಡುತ್ತೇವೆ.

ಫ್ಯಾನಿಗೆ ಬರೋಣ. ಫ್ಯಾನ್ ನಡುವೆ ದುಂಡಗಿನ ವಿಸ್ಕಸ್ ಕಪ್ಲಿಂಗ್ ಇದ್ದರೆ ಅದರೊಳಗೆ ಸಿಲಿಕೋನ್ ಆಯಿಲ್ ಇರುತ್ತದೆ. ಮುಂಭಾಗದಲ್ಲಿ ಸುರುಳಿ ಅಥವಾ ಪಟ್ಟಿಯಂಥ ಲೋಹದ ತುಂಡು ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದರೆ ಅದು ಬಾಗಿ ಒಳಗಿನ ವಾಲ್ವ್ ತೆರೆಯುತ್ತದೆ, ಆಯಿಲ್ ಫ್ಯಾನನ್ನು ಹಿಡಿಯುತ್ತದೆ. ಘಾಟಿನಲ್ಲಿ ಲಾರಿ ಬಂದ ಹಾಗೆ ಭರ್‍ ಅಂತ ಶಬ್ದ ಬರುತ್ತಲ್ಲ, ಅದು ಫ್ಯಾನ್ ಹಿಡಿದ ಶಬ್ದ. ನಿಮ್ಮ ಗಾಡಿ ಮೊದಲು ಆ ಶಬ್ದ ಮಾಡುತ್ತಿತ್ತಾ, ಈ ಆರು ತಿಂಗಳಲ್ಲಿ ನಿಂತಿದೆಯಾ? ನೆನಪು ಮಾಡಿಕೊಳ್ಳಿ. ನಿಂತಿದ್ದರೆ ಅರ್ಧ ಉತ್ತರ ಸಿಕ್ಕಿತು. ಘಾಟ್ ಹತ್ತಿ ಬಿಸಿಯಾಗಿರುವಾಗ ಎಂಜಿನ್ ನಿಲ್ಲಿಸಿ, ಪೂರ್ತಿ ನಿಂತ ಮೇಲೆ, ಕೀಲಿ ಕೈಯಲ್ಲಿ ಹಿಡಿದು, ಫ್ಯಾನನ್ನು ಬೆರಳಿನಿಂದ ತಳ್ಳಿ ನೋಡಿ. ಬಿಗಿಯಾಗಿ ತಿರುಗಬೇಕು. ಸಲೀಸಾಗಿ ಎರಡು ಮೂರು ಸುತ್ತು ಹೊಡೆದರೆ ಕಪ್ಲಿಂಗ್ ಸೋತಿದೆ. ಅದರ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದ್ದರೆ ಆಯಿಲ್ ಸೋರಿದೆ. ಓಡುವ ಎಂಜಿನ್ನಿನಲ್ಲಿ ಕಾಗದ, ಕಡ್ಡಿ ಇಟ್ಟು ಫ್ಯಾನ್ ನಿಲ್ಲುತ್ತಾ ಅಂತ ನೋಡುವುದು ಬೇಡವೇ ಬೇಡ, ಬೆರಳು ಹೋಗುತ್ತದೆ.

ಕೆಲವರು ಕಪ್ಲಿಂಗನ್ನು ಬೋಲ್ಟ್ ಹಾಕಿ ಲಾಕ್ ಮಾಡಿ ಕೊಡುತ್ತಾರೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಸೇರಲು ಸರಿ. ಹಾಗೇ ಬಿಟ್ಟರೆ ಫ್ಯಾನ್ ಇಡೀ ದಿನ ಪೂರ್ತಿ ವೇಗದಲ್ಲಿ ತಿರುಗಿ ಡೀಸೆಲ್ ತಿನ್ನುತ್ತದೆ, ವಾಟರ್ ಪಂಪ್ ಬೇರಿಂಗಿಗೂ ಭಾರ. ಫ್ಯಾನ್ ಕವರ್ ವಿಷಯ ಆಗಲೇ ಹೇಳಿದೆ. ಅದಿಲ್ಲದಿದ್ದರೆ ಫ್ಯಾನ್ ತನ್ನ ಎದುರಿಗಿರುವ ದುಂಡಗಿನ ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ನಾಲ್ಕು ಮೂಲೆಗಳು ಸುಮ್ನೆ ಕೂತಿರುತ್ತವೆ. ಬಿರುಕು ಬಿಟ್ಟಿದ್ದರೂ ಬದಲಿಸಿ. ಹಾಗೇ ಟಾರ್ಚ್ ಹಿಡಿದು ರೇಡಿಯೇಟರಿನ ಮುಂದೆ ಇಣುಕಿ. ಎಂಜಿನ್ನಿಗೆ ಹೋಗುವ ಗಾಳಿ ತಂಪು ಮಾಡುವ ಇಂಟರ್‌ಕೂಲರ್, ಎ.ಸಿ. ಇದ್ದರೆ ಅದರ ಕಂಡೆನ್ಸರ್, ರೇಡಿಯೇಟರ್ ಒಂದರ ಮುಂದೊಂದು ಇರುವ ಗಾಡಿಗಳಲ್ಲಿ ಅವುಗಳ ನಡುವೆ ಹೊಲದ ಧೂಳು, ಹುಲ್ಲು, ಹುಳ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಶ್ ಹತ್ತಿರದಿಂದ ಹಿಡಿದರೆ ನಾಳಗಳ ನಡುವಿನ ತೆಳು ಅಲ್ಯೂಮಿನಿಯಂ ಎಲೆಗಳು ಮಲಗಿಬಿಡುತ್ತವೆ.

ಇಷ್ಟು ನೋಡಿದ ಮೇಲೆ ರೇಡಿಯೇಟರ್. ನಿಮ್ಮ ಗಾಡಿಯಲ್ಲಿ ಇದೂ ಅರ್ಧ ಕಟ್ಟಿರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಕಾರಣ ನಿಮ್ಮ ಬೋರ್ ನೀರು. ಕೋಲಾರದ ಆಳದ ನೀರು ಎಷ್ಟು ಗಡಸು ಅಂತ ನಿಮ್ಮ ಮನೆಯ ನೀರು ಕಾಯಿಸುವ ಹಂಡೆ ನೋಡಿದರೆ ಗೊತ್ತಾಗುತ್ತದೆ. ಒಳಗೆ ಬಿಳಿ ಪದರ ಕಟ್ಟಿರುತ್ತದೆ ಅಲ್ವಾ? ಅದೇ ಪದರ ಎಂಜಿನ್ ಒಳಗೆ, ರೇಡಿಯೇಟರಿನ ಒಂದೆರಡು ಮಿಲಿಮೀಟರ್ ಅಗಲದ ನಾಳಗಳ ಒಳಗೆ ಕಟ್ಟುತ್ತದೆ. ಪ್ರತಿ ಸಲ ಅರ್ಧ ಲೀಟರ್ ಸುರಿದಾಗ ನೀರು ಆವಿಯಾಗಿ ಹೋಯಿತು, ಸುಣ್ಣ ಒಳಗೇ ಉಳಿಯಿತು.

ಕಟ್ಟಿದೆಯಾ ಅಂತ ನೋಡಲು ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ ಎರವಲು ತನ್ನಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಲ್ಲಿಸಿ, ರೇಡಿಯೇಟರಿನ ಮೈಮೇಲೆ ಸಾಲಾಗಿ ಅಳೆಯಿರಿ. ನೀರು ಒಳಬರುವ ಕಡೆ ಜಾಸ್ತಿ, ಹೊರಹೋಗುವ ಕಡೆ ಕಡಿಮೆ, ನಡುವೆ ಮೆಲ್ಲಗೆ ಇಳಿಯಬೇಕು. ಮಧ್ಯೆ ಒಂದು ಕಡೆ ಥಟ್ಟನೆ ತಣ್ಣಗಿದ್ದರೆ ಆ ನಾಳಗಳಲ್ಲಿ ನೀರೇ ಓಡುತ್ತಿಲ್ಲ. ಅದೇ ಗನ್ನನ್ನು ಥರ್ಮೋಸ್ಟಾಟ್ ಇರುವ ಜಾಗಕ್ಕೆ ಹಿಡಿದು ಡ್ಯಾಶ್‌ಬೋರ್ಡ್ ಮುಳ್ಳಿಗೆ ಹೋಲಿಸಿ. ಸೆನ್ಸರೇ ಸುಳ್ಳು ಹೇಳುತ್ತಿರುವ ಗಾಡಿಗಳನ್ನೂ ನೋಡಿದ್ದೇನೆ. ಇನ್ನೊಂದು ಮಾತು. ನೀರು ತೀರಾ ಕಡಿಮೆಯಾಗಿ ಸೆನ್ಸರ್ ಬರೀ ಗಾಳಿಯಲ್ಲಿದ್ದರೆ ಮುಳ್ಳು ಕೆಳಗೆ ಬೀಳುತ್ತದೆ. ಘಾಟಿನ ನಡುವೆ ಮುಳ್ಳು ಏರಿ ಇದ್ದಕ್ಕಿದ್ದ ಹಾಗೆ ಇಳಿದರೆ ಖುಷಿಪಡಬೇಡಿ, ತಕ್ಷಣ ನಿಲ್ಲಿಸಿ.

ಹಿತ್ತಾಳೆಯದಾ, ಅಲ್ಯೂಮಿನಿಯಮ್ಮಾ ಅಂತ ಕೇಳಿದ್ದೀರಿ. ನಮ್ಮ ಕಡೆ ಹಿತ್ತಾಳೆ ರೇಡಿಯೇಟರ್ ಅನ್ನುವುದರಲ್ಲಿ ನಾಳ, ಟ್ಯಾಂಕು ಹಿತ್ತಾಳೆ, ಎಲೆಗಳು ತಾಮ್ರ. ತಾಮ್ರ ಶಾಖವನ್ನು ಅಲ್ಯೂಮಿನಿಯಮ್ಮಿಗಿಂತ ಚೆನ್ನಾಗಿ ಸಾಗಿಸುತ್ತದೆ, ನಿಜ. ಆದರೆ ಅದರ ನಾಳ ಕಿರಿದು, ಎಲೆಗೂ ನಾಳಕ್ಕೂ ನಡುವೆ ಬೆಸುಗೆ. ಅಲ್ಯೂಮಿನಿಯಮ್ಮಿನಲ್ಲಿ ನಾಳ ಅಗಲ ಮಾಡಬಹುದು, ನಾಳ, ಎಲೆ ಸೇರಿದ ಇಡೀ ಕೋರ್ ಒಂದೇ ಸಲ ಕುಲುಮೆಯಲ್ಲಿ ಬೆಸೆಯುತ್ತದೆ, ತೂಕವೂ ಕಡಿಮೆ. ಹಾಗಾಗಿ ಗಾಡಿಗೆ ಕಂಪನಿ ಕೊಟ್ಟದ್ದು ಅಲ್ಯೂಮಿನಿಯಂ ಆಗಿದ್ದರೆ ಅದನ್ನೇ ಹಾಕಿ. ಹಿತ್ತಾಳೆಯ ನಿಜವಾದ ಲಾಭ ರಿಪೇರಿಯಲ್ಲಿದೆ. ಊರಿನ ರೇಡಿಯೇಟರ್ ಅಂಗಡಿಯವರು ಟ್ಯಾಂಕ್ ಬಿಚ್ಚಿ, ನಾಳಗಳಿಗೆ ಕಡ್ಡಿ ಹಾಕಿ ಸುಣ್ಣ ತೆಗೆದು, ಮತ್ತೆ ಬೆಸುಗೆ ಹಾಕಿ ಕೊಡುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಮ್ಮಿಗೆ ಆ ಸೇವೆ ಸರಿಯಾಗಿ ಮಾಡಲು ಬರುವುದಿಲ್ಲ. ಎಂ-ಸೀಲ್ ಮೆತ್ತಿ ಕೊಟ್ಟದ್ದು ಘಾಟಿನ ಒತ್ತಡಕ್ಕೆ ನಿಲ್ಲುವುದಿಲ್ಲ.

ಕಂಪನಿಯದೇ ಬೇಕಾ ಅಂದರೆ, ದುಡ್ಡಿದ್ದರೆ ಕಂಪನಿಯದು, ಅನುಮಾನವೇ ಇಲ್ಲ. ಇಲ್ಲದಿದ್ದರೆ ಬರೋಡಾದ ಬ್ಯಾಂಕೋ ತರಹ ರೇಡಿಯೇಟರ್ ಮಾಡುವುದನ್ನೇ ಕಸುಬಾಗಿಸಿಕೊಂಡ ಹೆಸರಿನದು ತೆಗೆದುಕೊಳ್ಳಿ. ಹೆಸರಿಲ್ಲದ ಡಬ್ಬದ್ದು ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯದನ್ನು ಬಿಚ್ಚಿ ಜೊತೆಗೇ ಒಯ್ಯಿರಿ. 'ಬೊಲೆರೊ ರೇಡಿಯೇಟರ್' ಅಂತ ಬಾಯಿಮಾತಿನಲ್ಲಿ ಕೇಳಿದರೆ ಪ್ಯಾಸೆಂಜರ್ ಬೊಲೆರೊದ್ದು, ಬೇರೆ ವರ್ಷದ್ದು, ಬೇರೆ ಎಂಜಿನ್ನಿನದು ಏನು ಬೇಕಾದರೂ ಕೈಗೆ ಬರಬಹುದು. ನಿಮ್ಮ ಚಾಸಿ ನಂಬರಿನಿಂದ ಶೋರೂಂನ ಸ್ಪೇರ್ಸ್ ಕೌಂಟರಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಂಡು ಹೋಗಿ.

ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಟೇಪು ಹಿಡಿಯಿರಿ. ಅಗಲ, ಎತ್ತರಕ್ಕಿಂತ ಮುಖ್ಯ ಕೋರಿನ ದಪ್ಪ. ಅಗ್ಗದವು ಮೋಸ ಮಾಡುವುದು ಅಲ್ಲೇ. 32 ಮಿಲಿಮೀಟರ್ ಇರಬೇಕಾದ ಕಡೆ 26 ಇದ್ದರೂ ಬೋಲ್ಟ್ ಸರಿಯಾಗಿ ಕೂರುತ್ತದೆ, ಬಯಲಿನಲ್ಲಿ ಓಡುತ್ತದೆ, ಘಾಟಿನಲ್ಲಿ ಸೋಲುತ್ತದೆ. ಒಂದು ಅಂಗೈ ಅಗಲದಲ್ಲಿ ಎಷ್ಟು ನಾಳ ಇವೆ ಎಣಿಸಿ, ಹಳೆಯದರಲ್ಲಿ ಎಷ್ಟಿದ್ದವೋ ಅಷ್ಟಿರಬೇಕು. ಎರಡನ್ನೂ ಕೈಯಲ್ಲಿ ಎತ್ತಿ ನೋಡಿ, ಎದ್ದು ಕಾಣುವಷ್ಟು ಹಗುರವಾದದ್ದು ಬೇಡ. ಹಳೆಯದನ್ನು ಖಾಲಿ ಮಾಡಿ ಒಯ್ಯಿರಿ, ಒಳಗಿನ ಸುಣ್ಣದ ತೂಕ ಸೇರಬಾರದು. ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಪಿಎ66-ಜಿಎಫ್30 ಅಂತ ಅಚ್ಚು ಇದೆಯಾ ನೋಡಿ. ಗಾಜಿನ ನಾರು ನೂರಕ್ಕೆ 30ರಷ್ಟು ಸೇರಿಸಿದ ನೈಲಾನ್ ಅಂತ ಅದರ ಅರ್ಥ. ಬಿಸಿ ಕೂಲಂಟ್ ತಡೆಯುವ ಪ್ಲಾಸ್ಟಿಕ್ ಅದು. ಟ್ಯಾಂಕ್ ಹಿಡಿದಿರುವ ಅಲ್ಯೂಮಿನಿಯಂ ಹಲ್ಲುಗಳು ಒಂದೇ ಸಮ ಮಡಿಸಿರಬೇಕು. ಇನ್ನೂ ದಪ್ಪದ್ದು, ಇನ್ನೂ ಒತ್ತಾದ ಎಲೆಗಳದ್ದು ಸಿಕ್ಕರೆ ಜಾಸ್ತಿ ತಂಪು ಅಂತ ಅಂಗಡಿಯವರು ಹೇಳಬಹುದು. ಒತ್ತಾದ ಎಲೆಗಳ ನಡುವೆ ಹೊಲದ ಧೂಳು ಬೇಗ ಕಟ್ಟುತ್ತದೆ. ದಪ್ಪ ಕೋರಿನ ಮೂಲಕ ಗಾಳಿ ಎಳೆಯಲು ಫ್ಯಾನಿಗೂ ಕಷ್ಟ. ನಿಮ್ಮ ಕೆಲಸಕ್ಕೆ ಮೊದಲಿದ್ದ ಅಳತೆಯೇ ಸರಿ.

ವಾಟರ್ ಪಂಪನ್ನು ಸುಮ್ನೆ ಬದಲಿಸಬೇಡಿ, ಪರೀಕ್ಷೆ ಮಾಡಿ. ಅದರ ಹೊಟ್ಟೆಯ ಕೆಳಗೆ ಒಂದು ಚಿಕ್ಕ ತೂತು ಇರುತ್ತದೆ. ಒಳಗಿನ ಸೀಲ್ ಸೋತರೆ ನೀರು ಅಲ್ಲಿಂದ ತೊಟ್ಟಿಕ್ಕಿ ಕಲೆ ಮಾಡುತ್ತದೆ. ನಿಮ್ಮ ಅರ್ಧ ಲೀಟರ್ ಹೋಗುತ್ತಿರುವುದು ಇಲ್ಲಿಂದಲೂ ಇರಬಹುದು. ಕಲೆ ಇದ್ದರೆ, ಫ್ಯಾನ್ ಹಿಡಿದು ಅಲ್ಲಾಡಿಸಿದಾಗ ಪಂಪಿನ ಶಾಫ್ಟ್ ಆಡಿದರೆ ಬದಲಿಸಿ. ಆ ತೂತನ್ನು ಸೀಲೆಂಟ್ ಹಾಕಿ ಮುಚ್ಚಿದರೆ ನೀರು ಬೇರಿಂಗಿಗೆ ಹೋಗುತ್ತದೆ. ಹೊಸ ಪಂಪಿನಲ್ಲಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಹಳೆಯದರಷ್ಟೇ ಅಗಲ, ಅಷ್ಟೇ ರೆಕ್ಕೆ, ಅದೇ ದಿಕ್ಕಿಗೆ ಬಾಗಿರಬೇಕು. ಹಳೆಯದು ಎರಕದ ಕಬ್ಬಿಣದ್ದಾಗಿದ್ದು ಹೊಸದರಲ್ಲಿ ತೆಳು ತಗಡಿನದಿದ್ದರೆ ಬೇರೆ ಕೇಳಿ. ಗ್ಯಾಸ್ಕೆಟಿಗೆ ಸೀಲೆಂಟ್ ಬಳಿದು ತುಂಬಬೇಡಿ. ಒಳಗೆ ಹಿಂಡಿದ ಸೀಲೆಂಟ್ ಒಣಗಿ ಉದುರಿ ಹೊಸ ರೇಡಿಯೇಟರಿನ ನಾಳಕ್ಕೇ ಹೋಗುತ್ತದೆ. ಬೆಲ್ಟ್ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಪಂಪಿನ ಜೊತೆಗೇ ಬದಲಿಸಿ.

ಹೋಸುಗಳನ್ನು ಒಟ್ಟಿಗೇ ಬದಲಿಸಿ, ಏಳು ವರ್ಷದ ರಬ್ಬರಿಗೆ ಕರುಣೆ ಬೇಡ. ಕೆಳಗಿನ ಹೋಸಿನ ಒಳಗೆ ಸ್ಪ್ರಿಂಗ್ ಇದ್ದರೆ ಹೊಸದರಲ್ಲೂ ಇರಬೇಕು. ಪಂಪ್ ನೀರು ಹೀರುವುದು ಆ ಕಡೆಯಿಂದ. ಸ್ಪ್ರಿಂಗ್ ಇಲ್ಲದ ಮೆತ್ತನೆ ಹೋಸ್ ಜಾಸ್ತಿ ಆರ್‌ಪಿಎಂನಲ್ಲಿ ಚಪ್ಪಟೆಯಾಗಿ ನೀರು ನಿಲ್ಲಿಸುತ್ತದೆ. ನೇರ ಹೋಸ್ ತಂದು ಬಗ್ಗಿಸಿ ಹಾಕಬೇಡಿ.

ಈಗ ಒಳಗೆ ಹಾಕುವ ದ್ರವ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಅಂತ ಎಷ್ಟೋ ಜನ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಬರೀ ನೀರು ಕೂಲಂಟ್ ಮಿಶ್ರಣಕ್ಕಿಂತ ಜಾಸ್ತಿ ಶಾಖ ಹೊರುತ್ತದೆ. ಆದರೆ ಬೇಗ ಕುದಿಯುತ್ತದೆ, ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ, ಪಂಪಿನ ಸೀಲನ್ನು ಒಣಗಿಸುತ್ತದೆ. ತುಕ್ಕು ತಡೆಯುವ ರಾಸಾಯನಿಕ ಇರುವುದು ಕೂಲಂಟಿನಲ್ಲಿ. ಅದು ವರ್ಷಗಳಲ್ಲಿ ಖರ್ಚಾಗುತ್ತದೆ, ಅದಕ್ಕೇ ಹೇಳಿದ ಅವಧಿಗೆ ಬದಲಿಸಬೇಕು. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದು ತಯಾರಕರು ಹಾಕುವ ಬಣ್ಣ ಅಷ್ಟೇ. ಗಾಡಿಯ ಪುಸ್ತಕದಲ್ಲಿ ಯಾವ ಗುಣಮಟ್ಟ ಹೇಳಿದೆ ನೋಡಿ, ಡಬ್ಬದ ಹಿಂದೆ ಐಎಸ್ 5759, ಜೆಐಎಸ್ ಕೆ 2234, ಎಎಸ್‌ಟಿಎಂ ಡಿ 3306 ಅಂತ ಬರೆದಿರುವುದಕ್ಕೆ ಹೋಲಿಸಿ. ಬೇರೆ ಬೇರೆ ಜಾತಿಯವನ್ನು ಬೆರೆಸಬೇಡಿ. ಡಬ್ಬ ಕಾನ್ಸಂಟ್ರೇಟಾ, ಹಾಗೇ ಹಾಕುವುದಾ ಅಂತಲೂ ಓದಿ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕದ್ದು ಬೋರ್ ನೀರಿಗಿಂತ ವಾಸಿ, ಆದರೆ ಅದರಲ್ಲೂ ಲವಣ ಉಳಿದಿರುತ್ತದೆ.

ಹೊಸ ರೇಡಿಯೇಟರ್ ಕೂರಿಸುವ ಮುಂಚೆ ಎಂಜಿನ್ ಒಳಗೆ ಫ್ಲಶ್ ಮಾಡಿಸಲೇಬೇಕು. ಇಲ್ಲದಿದ್ದರೆ ಬ್ಲಾಕಿನಲ್ಲಿ ಉಳಿದ ಸುಣ್ಣದ ಚೂರು ಮೊದಲ ವಾರವೇ ಹೊಸ ನಾಳಗಳಿಗೆ ಬಂದು ಕೂರುತ್ತದೆ. ಥರ್ಮೋಸ್ಟಾಟ್ ತೆಗೆದು, ನೀರು ಓಡುವ ದಿಕ್ಕಿಗೆ ಉಲ್ಟಾ ಬಿಟ್ಟು, ತಿಳಿ ನೀರು ಬರುವವರೆಗೆ ತೊಳೆಯಬೇಕು. ರೇಡಿಯೇಟರ್ ಫ್ಲಶ್ ಅಂತಲೇ ಸಿಗುವ ದ್ರವ ಬಳಸಿ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಲು ಯಾರಿಗೂ ಬಿಡಬೇಡಿ, ಅದು ಸುಣ್ಣದ ಜೊತೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಕೊನೆಯ ಸುತ್ತು ಡಿಸ್ಟಿಲ್ಡ್ ನೀರಿನಲ್ಲೇ ಆಗಲಿ. ಎಷ್ಟೇ ಬಸಿದರೂ ಬ್ಲಾಕಿನಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಹಾಗಾಗಿ ಪುಸ್ತಕದಲ್ಲಿ ಹೇಳಿದ ಒಟ್ಟು ಅಳತೆಯ ಅರ್ಧದಷ್ಟು ಕಾನ್ಸಂಟ್ರೇಟನ್ನು ಮೊದಲು ಹಾಕಿ, ಆಮೇಲೆ ನೀರು ತುಂಬಿ. ಆಗ ಅರ್ಧಕ್ಕರ್ಧ ಸರಿಯಾಗುತ್ತದೆ.

ಬಸಿದ ಹಳೇ ಕೂಲಂಟನ್ನು ಚರಂಡಿಗೆ, ಹೊಲದ ಬದುವಿಗೆ ಸುರಿಯಬೇಡಿ. ರುಚಿ ಸಿಹಿ, ಆದರೆ ವಿಷ. ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಹೋಗುತ್ತದೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಜೊತೆ ಬೆರೆಸದೆ, ಸರ್ವಿಸ್ ಸೆಂಟರಿಗೆ ಕೊಡಿ.

ತುಂಬುವಾಗ ಗಾಡಿಯ ಮೂತಿ ಎತ್ತರಕ್ಕಿರಲಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ನಿಧಾನಕ್ಕೆ ಸುರಿದು, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಗಾಳಿ ಒಳಗೆ ಸಿಕ್ಕಿಕೊಂಡಿದ್ದರೆ ಹೊಸ ಸಾಮಾನಿನಲ್ಲೂ ಬಿಸಿಯಾಗುತ್ತದೆ.

ನಿಮ್ಮ ಲೋಡಿನ ಬಗ್ಗೆಯೂ ಹೇಳಲೇಬೇಕು. ಗಾಡಿಯ ಆರ್.ಸಿ.ಯಲ್ಲಿ ಬರೆದ ತೂಕ ನೋಡಿ. 2019ರ ಬೊಲೆರೊ ಪಿಕಪ್‌ಗಳಲ್ಲಿ ದೊಡ್ಡದೆಂದರೂ 1.7 ಟನ್ನಿನದು. ಐಸ್ ಸೇರಿ ಎರಡು ಟನ್ ಅಂದರೆ ಮುನ್ನೂರು ಕೆ.ಜಿ. ಜಾಸ್ತಿಯಾಯಿತು. ಹೋಗುವಾಗಲೂ ಕ್ರೇಟ್ ಎಣಿಸಿ. ಕೋಲಾರದ 15 ಕೆ.ಜಿ. ಕ್ರೇಟ್ 110 ಹೇರಿದರೆ ಟೊಮೆಟೊ ತೂಕವೇ 1,650 ಕೆ.ಜಿ., ಖಾಲಿ ಕ್ರೇಟಿನ ತೂಕ ಬೇರೆ. ಇಳಿಜಾರಿನಲ್ಲಿ ಅದು ಬ್ರೇಕಿಗೆ ಭಾರ, ಹತ್ತುವಾಗ ಎಂಜಿನ್ನಿಗೆ.

ಎಲ್ಲ ಮುಗಿದ ಮೇಲೆ ಮೊದಲ ಸಲ ಘಾಟ್ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಸಬೇಡಿ. ಎರಡಕ್ಕೆ ಇಳಿಸಿ ಎಂಜಿನ್ ಸ್ವಲ್ಪ ವೇಗವಾಗಿ ತಿರುಗಲಿ, ಆಗ ಪಂಪು, ಫ್ಯಾನ್ ಎರಡೂ ವೇಗವಾಗಿ ತಿರುಗುತ್ತವೆ. ಮುಳ್ಳು ಏರಿದರೆ ಎ.ಸಿ. ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ, ಅಗಲವಾದ ಜಾಗ ನೋಡಿ ನಿಲ್ಲಿಸಿ. ನೀರು ಸೋರದೆ, ಆವಿ ಬರದೆ ಇದ್ದರೆ ಎಂಜಿನ್ ತಕ್ಷಣ ಆಫ್ ಮಾಡಬೇಡಿ. ನಾಲ್ಕೈದು ನಿಮಿಷ ಐಡಲಿನಲ್ಲಿ ಓಡಲಿ. ಆವಿ ಬರುತ್ತಿದ್ದರೆ ಮಾತ್ರ ಆ ಕ್ಷಣವೇ ಆಫ್ ಮಾಡಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯುತ್ತದೆ.

ಹೊರಡುವ ಮುಂಚೆ, ಎಂಜಿನ್ ತಣ್ಣಗಿರುವಾಗ, ಕೂಲಂಟ್ ಬಾಟಲಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ಟ್ರಿಪ್ಪಿನ ಮಾರನೇ ದಿನ ಒಂದು ಚೂರು ಇಳಿದಿದ್ದರೆ ಒಳಗಿದ್ದ ಗಾಳಿ ಹೊರಟಿದೆ, ಡಿಸ್ಟಿಲ್ಡ್ ನೀರು ಬೆರೆಸಿದ ಅದೇ ಕೂಲಂಟ್ ಹಾಕಿ ಗೆರೆಗೆ ತನ್ನಿ. ಮೂರನೇ ಟ್ರಿಪ್ಪಿಗೂ ಇಳಿಯುತ್ತಿದ್ದರೆ ಮತ್ತೆ ತುಂಬಿಕೊಂಡು ಓಡಿಸಬೇಡಿ. ಹಾಸನ ದಾರಿಯಲ್ಲೇ ಇದೆ, ಗಾಡಿ ತೆಗೆದುಕೊಂಡು ಬನ್ನಿ.